ಪಾತ್ರಗಳು ಹೊಟ್ಟೆಪಾಡಿಗೆ ಏನು ಮಾಡುತ್ತವೆ? ಇತ್ತೀಚೆಗೆ ಓದಿದ ಪುಸ್ತಕಗಳ ಬಗ್ಗೆ

[ಪರದೆಯ ಮೇಲೆ: ವೀಕ್ಷಕರ ಪ್ರಶ್ನೆ]

ನಮಸ್ಕಾರ. ಐತಿಹಾಸಿಕ ಕಾದಂಬರಿ, ಸಂಶೋಧನಾ ಗ್ರಂಥ, ಸಣ್ಣಕತೆ, ಸಸ್ಯಶಾಸ್ತ್ರದ ಬರವಣಿಗೆ, ಹೀಗೆ ಒಂದಕ್ಕೊಂದು ನಂಟಿಲ್ಲದ ಪುಸ್ತಕಗಳನ್ನು ಒಟ್ಟಿಗೇ ಓದುತ್ತೀರಲ್ಲ, ಇವೆಲ್ಲವನ್ನೂ ಯಾವ ಅಳತೆಗೋಲಿನಿಂದ ಅಳೆಯುತ್ತೀರಿ ಎಂದು ವೀಕ್ಷಕರೊಬ್ಬರು ಕೇಳಿದ್ದಾರೆ. ಭಾಷೆ, ಶೈಲಿ, ಕಥಾವಸ್ತು, ಪಾತ್ರಪೋಷಣೆ ಎಂಬ ಉತ್ತರ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ. ಯಾವ ಪುಸ್ತಕ ಹಿಡಿದರೂ ನಾನು ಮೊದಲು ಹುಡುಕುವುದು ಒಂದನ್ನೇ: ಇಲ್ಲಿನ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ, ಆ ಕೆಲಸದ ಒಳಹೊರಗು ಬರೆದವರಿಗೆ ಗೊತ್ತಿದೆಯೇ? ಪ್ರೀತಿಯನ್ನೂ ಸಾವನ್ನೂ ಇನ್ನೊಂದು ಪುಸ್ತಕದಿಂದ ಎರವಲು ತಂದು ಬರೆಯಬಹುದು, ಓದುಗರು ಕಣ್ಣೀರನ್ನೂ ಹಾಕಬಹುದು. ಆದರೆ ಲೆಕ್ಕ ಬರೆಯುವವಳ ದಿನವನ್ನು, ಜೇನು ಸಾಕುವವನ ದಿನವನ್ನು ಎರವಲು ತಂದರೆ ಎರಡೇ ಪುಟದಲ್ಲಿ ಬಣ್ಣ ಬಯಲಾಗುತ್ತದೆ. ಈ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಇತ್ತೀಚೆಗೆ ಓದಿದ, ಕೆಲವನ್ನು ಮರಳಿ ಓದಿದ, ಪುಸ್ತಕಗಳ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ.

ಮೊದಲನೆಯದು ವಸುಧೇಂದ್ರ ಅವರ ಐತಿಹಾಸಿಕ ಕಾದಂಬರಿ ‘ತೇಜೋ ತುಂಗಭದ್ರಾ’. 2019ರಲ್ಲಿ ಪ್ರಕಟವಾದ ಈ ಕೃತಿ ಪೋರ್ಚುಗಲ್ಲಿನ ಲಿಸ್ಬನ್ ನಗರದ ತೇಜೋ ನದಿಯಿಂದ ವಿಜಯನಗರದ ಕಾಲದ ತುಂಗಭದ್ರೆಯವರೆಗೆ ಹರಡಿಕೊಂಡಿದೆ. ಕತೆಯನ್ನು ನಾನು ಹೇಳುವುದಿಲ್ಲ, ಓದುವವರ ಸುಖ ಕೆಡಿಸಬಾರದು. ಹಡಗಿನ ಪ್ರಯಾಣದ ಭಾಗ ನನಗೆ ಈ ಪುಸ್ತಕದ ಜೀವಾಳವಾಗಿ ಕಂಡಿತು. ಸಮುದ್ರದ ವರ್ಣನೆಯಲ್ಲಿ ಕಾಲ ಕಳೆಯದೆ, ತಿಂಗಳುಗಟ್ಟಲೆ ನೆಲ ಕಾಣದೆ ಬದುಕಬೇಕಾದವರ ಹಸಿವು, ರೋಗ, ದುರಾಸೆಗಳಿಗೆ ಲೇಖಕರು ಪುಟಗಳನ್ನು ಮೀಸಲಿಟ್ಟಿದ್ದಾರೆ. ಕೊನೆಯ ಭಾಗದಲ್ಲಿ ಘಟನೆಗಳು ಒಂದರ ಬೆನ್ನಿಗೆ ಒಂದು ಬಂದು ಬೀಳುತ್ತವೆ, ಪಾತ್ರಗಳಿಗೆ ಉಸಿರಾಡಲು ಜಾಗ ಸಾಲದು ಎಂಬುದು ನನ್ನ ಆಕ್ಷೇಪ.

ಆದರೆ ಈ ಕಾದಂಬರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಲೆಂಕನ ಪ್ರಸಂಗ. ಅರಸನಿಗಾಗಿ ಪ್ರಾಣ ಕೊಡುತ್ತೇನೆಂದು ಮೊದಲೇ ಮಾತು ಕೊಟ್ಟು, ಆ ಮಾತಿನ ಬಲದಿಂದ ಊರಿನವರ ಮರ್ಯಾದೆಯನ್ನೂ ಸವಲತ್ತುಗಳನ್ನೂ ಅನುಭವಿಸುತ್ತ, ಗೊತ್ತಾದ ದಿನಕ್ಕಾಗಿ ಕಾಯುವ ಮನುಷ್ಯ ಅವನು. ಇದು ಕಾದಂಬರಿಕಾರರ ಕಲ್ಪನೆಯಿರಬೇಕೆಂದು ನಿಮಗೆ ಅನಿಸಿದರೆ, ದಯವಿಟ್ಟು ಹಾಸನದಿಂದ ಸುಮಾರು 30 ಕಿಲೋಮೀಟರ್ ದೂರದ ಹಳೇಬೀಡಿಗೆ ಹೋಗಿ ಬನ್ನಿ.

[ದೃಶ್ಯ: ಹೊಯ್ಸಳೇಶ್ವರ ದೇವಾಲಯದ ಆವರಣ, ಗರುಡಗಂಬ]

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು ಮತ್ತು ಸೋಮನಾಥಪುರದೊಂದಿಗೆ ಹಳೇಬೀಡು ಕೂಡ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇಲ್ಲಿಗೆ ಬರುವವರು ಹೆಚ್ಚಿದ್ದಾರೆ. ಬಂದವರೆಲ್ಲ ಹೊರಗೋಡೆಯ ಶಿಲ್ಪಗಳ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಾರೆ, ನಂದಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಆವರಣದಲ್ಲಿರುವ ಈ ಗರುಡಗಂಬದ ಮುಂದೆ ನಿಲ್ಲುವವರು ಕಡಿಮೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾಗಿದ್ದ ಕುವರ ಲಕ್ಷ್ಮನ ಕಂಬ ಇದು. ಬಲ್ಲಾಳನ ಆಳ್ವಿಕೆ 1173ರಿಂದ 1220ರವರೆಗೆ. ದೊರೆ ತೀರಿಕೊಂಡಾಗ ಲಕ್ಷ್ಮನೂ ಅವನ ಹೆಂಡತಿಯೂ ಅವನ ಲೆಂಕರ ಪಡೆಯೂ ಕೊಟ್ಟ ಮಾತಿನಂತೆ ಪ್ರಾಣ ಬಿಟ್ಟರು ಎಂಬುದನ್ನು ಕಂಬದ ಶಾಸನ ಹಳಗನ್ನಡದಲ್ಲಿ ಹೇಳುತ್ತದೆ. ವಿಷ್ಣುವಿಗೆ ಗರುಡ ಹೇಗೋ ಒಡೆಯನಿಗೆ ತಾವು ಹಾಗೆ ಎಂಬ ಭಾವನೆ ಇವರದು. ಅದಕ್ಕೇ ಇವರನ್ನು ಗರುಡರೆಂದೂ ಕರೆಯುತ್ತಿದ್ದರು.

ಕ್ಯಾಮೆರಾವನ್ನು ಇನ್ನಷ್ಟು ಹತ್ತಿರ ತರುತ್ತೇನೆ, ನೋಡಿ. ಕಂಬದ ಮೇಲಿನ ಚಿಕ್ಕ ಚಿಕ್ಕ ಆಕೃತಿಗಳ ಕೈಯಲ್ಲಿ ಕತ್ತಿಗಳಿವೆ. ಆ ಕತ್ತಿಗಳನ್ನು ಅವರು ಹಿಡಿದಿರುವುದು ಶತ್ರುವಿನ ಕಡೆಗಲ್ಲ. ಒಬ್ಬ ತನ್ನ ತಲೆಯನ್ನು ತಾನೇ ಅರಿದುಕೊಳ್ಳಲು ಅಣಿಯಾಗಿದ್ದಾನೆ. ಎದುರಿನ ಗೋಡೆಯಲ್ಲಿ ಸರದ ಒಂದೊಂದು ಮಣಿಯನ್ನೂ ಬಿಡಿಸಿದ ಆ ಕಾಲದ ಉಳಿಯೇ ಇಲ್ಲಿ ಈ ಕೆಲಸ ಮಾಡಿದೆ. ಕಾದಂಬರಿ ಓದುವ ಮುನ್ನ ನಾನು ಈ ಕಂಬವನ್ನು ನಿಷ್ಠೆಯ ಸ್ಮಾರಕ ಎಂದಷ್ಟೇ ತಿಳಿದು ನೋಡುತ್ತಿದ್ದೆ. ಓದಿದ ಮೇಲೆ ಬೇರೆ ಪ್ರಶ್ನೆಗಳು ಎದ್ದವು. ಲೆಂಕತನವೂ ಒಂದು ಉದ್ಯೋಗವೇ ತಾನೆ? ಅದಕ್ಕೆ ನೇಮಕವಿತ್ತು, ಅನ್ನ ಬಟ್ಟೆಯಿತ್ತು, ಬಿರುದಿತ್ತು. ಕೊನೆಗೆ ಸಲ್ಲಿಸಬೇಕಾದ ಒಂದು ಕರ್ತವ್ಯವೂ ಇತ್ತು. ಹಾಗಾದರೆ ಆ ಬೆಳಿಗ್ಗೆ ಲೆಂಕನ ಮನೆಯಲ್ಲಿ ಏನು ನಡೆಯಿತು? ಲಕ್ಷ್ಮನ ಹೆಂಡತಿಯನ್ನು ಯಾರಾದರೂ ಕೇಳಿದ್ದರೇ? ಶಾಸನಕ್ಕೆ ಈ ಪ್ರಶ್ನೆಗಳ ಅಗತ್ಯವಿಲ್ಲ, ಏಕೆಂದರೆ ಅದು ಕೀರ್ತಿಯನ್ನು ದಾಖಲಿಸಲು ಹುಟ್ಟಿದ್ದು. ಕಾದಂಬರಿಗೆ ಈ ಪ್ರಶ್ನೆಗಳನ್ನು ತಪ್ಪಿಸಿಕೊಳ್ಳುವ ಹಕ್ಕಿಲ್ಲ, ಮತ್ತು ವಸುಧೇಂದ್ರ ತಪ್ಪಿಸಿಕೊಂಡಿಲ್ಲ. ಗೊತ್ತಾದ ದಿನ ಹತ್ತಿರವಾದಂತೆ ಹೊಗಳಿಕೆಯ ಮಾತುಗಳು ಹೇಗೆ ಕೊರಳಿನ ಉರುಳಾಗುತ್ತವೆ ಎಂಬುದನ್ನು ಅವರು ತೋರಿಸಿದ ರೀತಿಗೆ ನಾನು ತಲೆಬಾಗುತ್ತೇನೆ.

ಈ ಕುತೂಹಲವೇ ನನ್ನನ್ನು ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ಕ್ಕೆ ಕರೆದೊಯ್ದಿತು. ಸಂಶೋಧನಾ ಪ್ರಬಂಧವೆಂದು ಹೆದರಿ ದೂರ ಇಟ್ಟವರಿಗೆ ನಾನು ಹೇಳುವುದಿಷ್ಟು: ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲೇಬೇಕೆಂಬ ಹಟ ಬೇಡ. ಆತ್ಮಬಲಿದಾನದ ಭಾಗವನ್ನು ತೆರೆಯಿರಿ. ಉಂಡ ಅನ್ನದ ಋಣ ತೀರಿಸಲು ಸಾಯುವುದು ಜೋಳವಾಳಿ, ಒಡೆಯನೊಡನೆ ಸಾಯುವೆನೆಂಬ ಪ್ರತಿಜ್ಞೆ ವೇಳೆವಾಳಿ ಎಂದು ತಿಳಿದು ಹಳೇಬೀಡಿನ ಕಂಬಕ್ಕೆ ಮರಳಿದರೆ ಅದು ಒಂಟಿ ಕಂಬವಾಗಿ ಉಳಿಯುವುದಿಲ್ಲ. ಕನ್ನಡ ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳ ಸಾಲಿನಲ್ಲಿ ಸೇರಿಕೊಳ್ಳುತ್ತದೆ. ಕಾದಂಬರಿ ಮತ್ತು ಸಂಶೋಧನೆಯನ್ನು ಅಕ್ಕಪಕ್ಕ ಇಟ್ಟುಕೊಂಡು ಓದುವ ಅಭ್ಯಾಸವನ್ನು ನಮ್ಮ ಕಾಲೇಜುಗಳು ಬೆಳೆಸದಿರುವುದು ದೊಡ್ಡ ನಷ್ಟ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

[ದೃಶ್ಯ: ಹಳೆಯ ಲೆಕ್ಕದ ಪುಸ್ತಕ, ಗೆರೆ ಹಾಕಿದ ಹಾಳೆ]

ಇನ್ನು ಮರಳಿ ಓದಿದ ಪುಸ್ತಕ, ಎಸ್.ಎಲ್. ಭೈರಪ್ಪನವರ ‘ಗೃಹಭಂಗ’. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿ, 2025ರ ಸೆಪ್ಟೆಂಬರ್‌ನಲ್ಲಿ ನಮ್ಮನ್ನಗಲಿದ ಈ ಲೇಖಕರ ಕೃತಿಗಳ ಬಗ್ಗೆ ವಾದವಿವಾದಗಳು ಸಾಕಷ್ಟಿವೆ. ‘ಗೃಹಭಂಗ’ದ ಶ್ರೇಷ್ಠತೆಯ ಬಗ್ಗೆ ನನ್ನ ಮನಸ್ಸಿನಲ್ಲಿ ವಾದವಿಲ್ಲ. ಎಲ್ಲರೂ ನಂಜಮ್ಮನ ಸಂಕಟವನ್ನು, ಪ್ಲೇಗಿನಲ್ಲಿ ಆಕೆ ಮಕ್ಕಳನ್ನು ಕಳೆದುಕೊಳ್ಳುವುದನ್ನು ನೆನೆಯುತ್ತಾರೆ. ಈ ಸಲ ನಾನು ಆಕೆಯ ಕೈಗಳನ್ನು ಗಮನಿಸಿದೆ. ಶ್ಯಾನುಭೋಗಿಕೆಯ, ಅಂದರೆ ಊರಿನ ಕಂದಾಯದ ಲೆಕ್ಕ ಬರೆಯುವ ಕೆಲಸದ, ಹಕ್ಕು ಗಂಡ ಚೆನ್ನಿಗರಾಯನದು, ಲೆಕ್ಕ ಬರೆಯುವ ತಾಳ್ಮೆಯಾಗಲಿ ಬುದ್ಧಿಯಾಗಲಿ ಅವನಿಗಿಲ್ಲ. ನಂಜಮ್ಮ ಕಲಿಯುತ್ತಾಳೆ. ಗೆರೆ ಹಾಕಿ, ಕಾಲಂ ತಪ್ಪದಂತೆ ಅಂಕಿ ತುಂಬಿ, ಜಮಾಬಂದಿಯ, ಅಂದರೆ ವರ್ಷದ ಕಂದಾಯ ಲೆಕ್ಕದ ತಪಾಸಣೆಯ, ಹೊತ್ತಿಗೆ ಸರ್ಕಾರದ ಲೆಕ್ಕವನ್ನು ಅಣಿಗೊಳಿಸುತ್ತಾಳೆ. ಕಾಗದದ ಮೇಲೆ ಮಾತ್ರ ಶ್ಯಾನುಭೋಗ ಅವನೇ. ಇದರ ಜೊತೆಗೆ ಮುತ್ತುಗದ ಊಟದೆಲೆ ಹಚ್ಚುವ ಕೆಲಸವೂ ಉಂಟು. ಮನೆ ಉರುಳಿಬೀಳದಂತೆ ಹಿಡಿದ ಕೈ ಯಾವುದು ಎಂದು ಕಾದಂಬರಿ ಎಲ್ಲೂ ಭಾಷಣ ಮಾಡುವುದಿಲ್ಲ; ವರ್ಷದ ಲೆಕ್ಕ ಯಾರು ಬರೆದರು, ಬಂದ ಹಣ ಯಾರ ಹೊಟ್ಟೆ ಸೇರಿತು ಎಂಬುದನ್ನು ಒಂದರ ಪಕ್ಕ ಒಂದು ಇಟ್ಟು ಸುಮ್ಮನಾಗುತ್ತದೆ. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಪಡಿಸುವ ಕಾನೂನು ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. 1970ರಲ್ಲಿ ಈ ಕಾದಂಬರಿ ಹೊರಬಂದಾಗ ಶ್ಯಾನುಭೋಗಿಕೆ ಇನ್ನೂ ಜನರ ನೆನಪಿನಲ್ಲಿ ಹಸಿಯಾಗಿಯೇ ಇತ್ತು. ಇಂದಿನ ಓದುಗರಿಗೆ ಆ ಲೋಕದ ಬಾಗಿಲು ತೆರೆಯುವುದೇ ನಂಜಮ್ಮನ ಲೆಕ್ಕದ ಪುಸ್ತಕ.

ನನ್ನ ಅಳತೆಗೋಲಿಗೆ ಒಂದು ಆಕ್ಷೇಪ ಬರಬಹುದು. ದುಡಿಯದವರ ಬಗ್ಗೆ ಬರೆದ ಪುಸ್ತಕವನ್ನು ಏನು ಮಾಡುತ್ತೀರಿ? ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದಕ್ಕೆ ಉತ್ತರ. 2013ರ ಈ ಪುಟ್ಟ ಕಾದಂಬರಿಯ ನಿರೂಪಕ ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತು ದಿನ ಕಳೆಯುತ್ತಾನೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದ ಹಣದಿಂದ ಇಡೀ ಮನೆ ನಡೆಯುತ್ತದೆ, ಇವನಿಗೆ ಹೆಸರಿಗೊಂದು ಹುದ್ದೆ. ಆದರೆ ಇದೇ ಮನೆಯಲ್ಲಿ ಹಿಂದೆ ತಂದೆ ಚಹಾಪುಡಿಯ ಮಾರಾಟದ ಕೆಲಸದಲ್ಲಿದ್ದಾಗ, ಅಂದಂದಿನ ವಸೂಲಿಯ ಲೆಕ್ಕ ತಾಳೆಯಾಗುವವರೆಗೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಆ ದೃಶ್ಯವನ್ನು ಓದಿ ಮುಗಿಸಿದಾಗ, ಬಡತನದಲ್ಲಿ ಒಟ್ಟಾಗಿದ್ದ ಮನೆ ಹಣ ಬಂದ ಮೇಲೆ ಹೇಗೆ ಕೊಳೆಯಿತು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಗಂಡ ಸ್ವಂತವಾಗಿ ಏನೂ ದುಡಿಯುವುದಿಲ್ಲ ಎಂದು ಹೆಂಡತಿ ಅನಿತಾಳಿಗೆ ತಿಳಿಯುವ ಗಳಿಗೆಯೇ ಆ ದಾಂಪತ್ಯದ ಬಿರುಕು. ಕೆಲಸದ ಗೈರುಹಾಜರಿಯನ್ನು ಇಷ್ಟು ನಿಖರವಾಗಿ ಬರೆಯಬೇಕಾದರೆ ಕೆಲಸದ ಬೆಲೆ ಗೊತ್ತಿರಬೇಕು.

ಈಗ ನಮ್ಮ ಹಾಸನದ ಬಾನು ಮುಷ್ತಾಕ್. 1990ರಿಂದ 2023ರವರೆಗೆ ಅವರು ಬರೆದ ಕತೆಗಳಲ್ಲಿ 12ನ್ನು ಆಯ್ದು ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಸಂಕಲನಕ್ಕೆ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಪ್ರಶಸ್ತಿಯ ಸಂಭ್ರಮದಲ್ಲಿ ಕನ್ನಡದ ಮೂಲವನ್ನು ಓದುವುದನ್ನು ಮರೆಯಬೇಡಿ ಎಂಬುದು ನನ್ನ ಬೇಡಿಕೆ. ಅವರು ವಕೀಲರು, ಪತ್ರಕರ್ತರಾಗಿಯೂ ದುಡಿದವರು. ‘ಕರಿ ನಾಗರಗಳು’ ಕತೆಯಲ್ಲಿ ಆ ಅನುಭವ ಎದ್ದು ಕಾಣುತ್ತದೆ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಆಶ್ರಫ್, ಕಾಯಿಲೆಯ ಮಗುವನ್ನು ಎತ್ತಿಕೊಂಡು ನ್ಯಾಯ ಕೇಳಲು ಮಸೀದಿಯ ಬಳಿ ಬಂದು ಕೂರುತ್ತಾಳೆ. ಅರ್ಜಿಯನ್ನು ಕೇಳಿ ತೀರ್ಮಾನ ಹೇಳಬೇಕಾದದ್ದು ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿಯ ಕರ್ತವ್ಯ. ಅವನು ಅದನ್ನು ಮಾಡುವುದಿಲ್ಲ. ಮಾಡಬೇಕಾದ ಕೆಲಸವನ್ನು ಮಾಡದ ಅಧಿಕಾರಸ್ಥನ ಕತೆಯಾಗಿ ಇದನ್ನು ಯಾವ ಧರ್ಮದವರು ಓದಿದರೂ ತಮ್ಮ ಊರಿನ ಒಂದು ಮುಖ ಕಣ್ಣೆದುರು ಬರುತ್ತದೆ. ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ಆಧಾರವೂ ಇದೇ ಕತೆ. ಕೊನೆಯಲ್ಲಿ ಕೇರಿಯ ಹೆಂಗಸರು ಮುತವಲ್ಲಿಗೆ ಹಾಕುವ ಶಾಪವನ್ನು ಗಟ್ಟಿಯಾಗಿ ಓದಿ ನೋಡಿ. ಕೆಲವು ಕತೆಗಳು ವಾದ ಮಂಡಿಸುವ ಅವಸರದಲ್ಲಿ ಪಾತ್ರದ ಮಾತನ್ನು ತಾವೇ ಆಡಿಬಿಡುತ್ತವೆ ಎಂದು ನನಗೆ ಅನಿಸಿದೆ. ಆದರೆ ‘ಎದೆಯ ಹಣತೆ’ಯಲ್ಲಿ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಮಗಳು ತಡೆದು ನಿಲ್ಲಿಸುವಾಗ ಅಂಥ ಅವಸರ ಒಂದಿಷ್ಟೂ ಇಲ್ಲ.

ಸಮಯ ಮುಗಿಯುತ್ತ ಬಂದಿರುವುದರಿಂದ ಕೊನೆಯ ಎರಡು ಪುಸ್ತಕಗಳನ್ನು ಒಟ್ಟಿಗೇ ತೆಗೆದುಕೊಳ್ಳುತ್ತೇನೆ, ಎರಡೂ ಕಾಡಿಗೆ ಸಂಬಂಧಿಸಿದವು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ವಿದ್ಯಾರ್ಥಿಗಳನ್ನು ಕರೆದುಕೊಂಡು ಗಿಡ ಹುಡುಕುತ್ತ ಅಲೆಯುವ ಅಧ್ಯಾಪಕನ ಕೆಲಸವೇ ಇಲ್ಲಿ ಕತೆಯಾಗಿದೆ. ಶಾಸ್ತ್ರೀಯ ಹೆಸರುಗಳು ದಟ್ಟವಾಗಿ ಬರುವ ಪುಟಗಳಲ್ಲಿ ಓದು ನಿಧಾನವಾಗುತ್ತದೆ. ಅಲ್ಲಿ ಚಿತ್ರಗಳನ್ನು ನೋಡುತ್ತ ಮುಂದುವರಿಯಿರಿ, ಹಾಸ್ಯ ಮತ್ತೆ ಕೈಹಿಡಿಯುತ್ತದೆ.

ಇನ್ನೊಂದು, ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’. ಆ ಕಾದಂಬರಿಯವರು ಕಾಡಿನಲ್ಲಿ ಹುಡುಕಿ ಹೋಗುವ ಹಾರುವ ಓತಿ ನಿಜವಾದ ಪ್ರಾಣಿ, ಮಲೆನಾಡಿನ ಅಡಿಕೆ ತೋಟಗಳಲ್ಲೂ ಇದೆ. ಉದ್ದವಾಗಿ ಬೆಳೆದ ಪಕ್ಕೆಲುಬುಗಳು, ಕೊಡೆಯ ಕಡ್ಡಿಗಳು ಬಟ್ಟೆಯನ್ನು ಬಿಚ್ಚಿ ಹಿಡಿದಂತೆ, ಅದರ ರೆಕ್ಕೆಯ ಚರ್ಮವನ್ನು ಬಿಚ್ಚಿ ಹಿಡಿಯುತ್ತವೆ. ಎಲ್ಲರೂ ಮಾತನಾಡುವುದು ಆ ಓತಿಯ ಬಗ್ಗೆಯೇ. ನನ್ನ ಪ್ರಕಾರ ಕಾದಂಬರಿಯ ಪ್ರಾಣ ಇರುವುದು ಮಂದಣ್ಣನಲ್ಲಿ. ಊರಿಗೆ ಅವನು ಕೆಲಸಕ್ಕೆ ಬಾರದ ಹುಡುಗ; ವಿಜ್ಞಾನಿ ಕರ್ವಾಲೊಗೆ ಅವನು ಸಹಜ ವಿಜ್ಞಾನಿ. ಜೇನಿನ ಹಿಂದೆ ಕಾಡು ಅಲೆದವನ ಕಣ್ಣಿಗೆ ಬಿದ್ದದ್ದು ಪುಸ್ತಕ ಓದಿದವರ ಕಣ್ಣಿಗೆ ಬಿದ್ದಿರಲಿಲ್ಲ. ಈ ಪುಸ್ತಕ ಬಂದ ಹತ್ತು ಹನ್ನೊಂದು ವರ್ಷಕ್ಕೆ, 1991ರ ಸುಮಾರಿಗೆ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಬಹುಪಾಲು ಕುಟುಂಬಗಳನ್ನು ನಾಶಮಾಡಿತು. ಮಂದಣ್ಣನ ಕಾಲದ ಜೇನು ಸಾಕಣೆ ಹೇಗಿತ್ತು ಎಂದು ತಿಳಿಯಬೇಕಾದವರು ಮೂಡಿಗೆರೆ, ಸಕಲೇಶಪುರದ ಕಡೆಯ ಹಿರಿಯ ಜೇನು ಕೃಷಿಕರೊಬ್ಬರ ಜೊತೆ ಕೂತು ಈ ಕಾದಂಬರಿಯ ಜೇನಿನ ಪುಟಗಳನ್ನು ಓದಬೇಕು; ಪೆಟ್ಟಿಗೆಗೆ ಜೇನು ಕೂಡಿಸುವ ಬಗೆಯಲ್ಲಿ ಏನು ಉಳಿದಿದೆ, ಏನು ಬದಲಾಗಿದೆ ಎಂದು ಅವರು ಪುಟ ತೋರಿಸಿಯೇ ಹೇಳಬಲ್ಲರು.