ಎತ್ತು ಈಯ್ತಂತೆ, ವಾಷಿಂಗ್ಟನ್‌ನಲ್ಲಿ

ನಮಸ್ಕಾರ, ನಮಸ್ಕಾರ. ಇವತ್ತು ಮಾತಾಡಬೇಕು ಅಂದ್ಕೊಂಡಿದ್ದೇ ಬೇರೆ. ಬೆಳಿಗ್ಗೆ ಕಾಫಿ ಹಿಡ್ಕೊಂಡು ಹೋದ ಸಂಚಿಕೆಯ ಕಾಮೆಂಟ್ ಓದೋಕೆ ಕೂತೆ ನೋಡಿ, ಅಲ್ಲಿಗೆ ದಿನ ಕೆಟ್ಟಿತು.

ಒಬ್ಬ ಮಹಾನುಭಾವರು ಬರೆದಿದ್ದಾರೆ: "ಸಾರ್, ಔಟ್‌ಸೋರ್ಸಿಂಗ್ ಮೇಲೆ 25% ತೆರಿಗೆ ಹಾಕೋ ಬಿಲ್ ಅಮೆರಿಕದಲ್ಲಿ ಬಂದೇಬಿಟ್ಟಿದೆ. ನನ್ನ ಎಐ ಆ್ಯಪ್ ಹತ್ತು ನಿಮಿಷದಲ್ಲಿ ಹೇಳ್ತು. ನೀವು ಅಲ್ಲೇ ಕೂತು ಬಿಲ್ ಟ್ರ್ಯಾಕ್ ಮಾಡೋಕೆ ಸಂಬಳ ತಗೋತೀರಲ್ಲ, ಏನ್ ಕಡಿದು ಗುಡ್ಡೆ ಹಾಕ್ತಿದ್ದೀರ?"

ಏನ್ ಕಡಿದು ಗುಡ್ಡೆ ಹಾಕ್ತಿದ್ದೀನಿ. ಹೇಳ್ತೀನಿ, ಕೂತ್ಕೊಳಿ ಸಾರ್.

ಹೊಸಬರಿಗೆ ಎರಡು ಮಾತು. ನನ್ನ ಮನೆ ವರ್ಜೀನಿಯಾದಲ್ಲಿ, ಕೆಲಸ ವಾಷಿಂಗ್ಟನ್‌ನಲ್ಲಿ. ಲಾಬಿ ಮಾಡೋ ಸಂಸ್ಥೆಗಳಿಗೆ ಕ್ಲೈಂಟ್‌ಗಳಿರ್ತಾರೆ: ಆಸ್ಪತ್ರೆಗಳು, ಟೆಕ್ ಕಂಪನಿಗಳು, ರೈತ ಸಂಘಗಳು. ಸಂಸತ್ತಲ್ಲಿ ಇವತ್ತು ಏನಾಯ್ತು, ಯಾವ ಇಲಾಖೆ ಯಾವ ನಿಯಮ ತಿದ್ದೋಕೆ ಹೊರಟಿದೆ ಅಂತ ಅವರಿಗೆ ಟಿಪ್ಪಣಿ ಬರೆದು ಕಳಿಸೋದು ನನ್ನ ಕೆಲಸ. ಲಾಬಿ ಅಂದ ತಕ್ಷಣ ಸೂಟ್‌ಕೇಸು, ಕತ್ತಲೆ ಪಾರ್ಕಿಂಗು ಅಂತೆಲ್ಲ ಕಲ್ಪನೆ ಮಾಡ್ಕೋಬೇಡಿ. 1995ರ ಕಾನೂನಿದೆ, ಮೂರು ತಿಂಗಳಿಗೊಮ್ಮೆ ಯಾರಿಗಾಗಿ ಎಷ್ಟು ಖರ್ಚಾಯ್ತು ಅಂತ ವರದಿ ಕೊಡಬೇಕು, ಅದನ್ನ ನೀವೂ ಕೂತು ಓದಬಹುದು. ಓದಲ್ಲ, ಗೊತ್ತು. ಚಾನೆಲ್ ಸಬ್‌ಸ್ಕ್ರೈಬೂ ಮಾಡಿರಲ್ಲ. ಮಾಡಿ.

ಈಗ ಆ ಬಿಲ್. 2025ರ ಸೆಪ್ಟೆಂಬರ್‌ನಲ್ಲಿ ಒಹಾಯೊದ ಸೆನೆಟರ್ ಬರ್ನಿ ಮೊರೆನೊ ಮಂಡಿಸಿದ್ರು. ಸೇವೆ ಪಡೆದು ವಿದೇಶಕ್ಕೆ ಕೊಡೋ ದುಡ್ಡಿನ ಮೇಲೆ 25% ತೆರಿಗೆ. ಬೆಂಗಳೂರಿನ ಅರ್ಧ ವಾಟ್ಸ್ಆ್ಯಪ್ ಗ್ರೂಪುಗಳಿಗೆ ಜ್ವರ. ಒಪ್ಕೋತೀನಿ, ಓದಿದ್ರೆ ಹೆದರಿಕೆ ಆಗೋ ಬಿಲ್ಲೇ. ಆದ್ರೆ ಮಂಡಿಸಿದ ಬಿಲ್ ಕಾನೂನಲ್ಲ ಸ್ವಾಮಿ.

ಸೆನೆಟ್‌ನಲ್ಲಿ, ಅಂದ್ರೆ ಇಲ್ಲಿನ ಮೇಲ್ಮನೆಯಲ್ಲಿ, ಬಿಲ್ ಮಂಡನೆ ಆದಾಗ ಸಂಸತ್ತಿನ ವೆಬ್‌ಸೈಟಲ್ಲಿ ಒಂದು ಸಾಲು ಬೀಳುತ್ತೆ: "ರೆಡ್ ಟ್ವೈಸ್ ಅಂಡ್ ರೆಫರ್ಡ್ ಟು ದಿ ಕಮಿಟಿ." ಎರಡು ಸಲ ಓದಿ ಸಮಿತಿಗೆ ಕಳಿಸಿದ್ದೀವಿ ಅಂತ. ಎರಡು ಸಲ! ಒಂದು ಸಲವಾದ್ರೂ ಯಾರಾದ್ರೂ ಓದಿರ್ತಾರಾ ಅಂತ ನನಗೆ ಅನುಮಾನ. ಬಹುಪಾಲು ಬಿಲ್ಲುಗಳ ಚರಿತ್ರೆಯಲ್ಲಿ ಅದೇ ಮೊದಲ ಸಾಲು, ಅದೇ ಕೊನೆಯ ಸಾಲು. ಇಲ್ಲಿ ಸಂಸತ್ತಿಗೂ ಅದರ ಎರಡು ವರ್ಷದ ಅವಧಿಗೂ ಕಾಂಗ್ರೆಸ್ ಅಂತಾರೆ. ಹಿಂದಿನ ಕಾಂಗ್ರೆಸ್‌ನ, ಅಂದ್ರೆ 2023-24ರ ಲೆಕ್ಕ ಕೇಳಿ. ಎರಡೂ ಸದನ ಸೇರಿ 15,000ಕ್ಕೂ ಹೆಚ್ಚು ಬಿಲ್ ಬಂದ್ವು. ಕಾನೂನಾಗಿದ್ದು 300ಕ್ಕಿಂತ ಕಮ್ಮಿ. ನಿಮ್ಮ ಆ್ಯಪ್ ಆ ಹದಿನೈದು ಸಾವಿರಕ್ಕೂ ಹತ್ತು ನಿಮಿಷದಲ್ಲಿ ಗಂಟೆ ಬಾರಿಸುತ್ತೆ. ದೇವಸ್ಥಾನದಲ್ಲಿ ಮಗು ಕೈಗೆ ಗಂಟೆ ಹಗ್ಗ ಸಿಕ್ಕಿದ ಹಾಗೆ.

ನಮ್ಮವರು ಯಾಕೆ ಬೇಗ ಗಾಬರಿ ಬೀಳ್ತಾರೆ ಅನ್ನೋದಕ್ಕೆ ನನ್ನದೊಂದು ಸಿದ್ಧಾಂತ ಇದೆ. ದಿಲ್ಲಿಯಲ್ಲಿ ಸರ್ಕಾರ ಬಿಲ್ ತಂತು ಅಂದ್ರೆ ಬಹುಮತ ಕೈಯಲ್ಲೇ ಇರುತ್ತೆ, ಸಾಮಾನ್ಯವಾಗಿ ಪಾಸ್. ನಮ್ಮ ಕಿವಿಗೆ ಬಿಲ್ ಅಂದ್ರೆ ಕಾನೂನು ಅಂತಲೇ ಅಭ್ಯಾಸ. ಇಲ್ಲಿ ಮಂತ್ರಿಗಳು ಸದನದ ಸದಸ್ಯರೇ ಅಲ್ಲ. ಪ್ರತಿ ಬಿಲ್ಲೂ ಒಂಥರಾ ಖಾಸಗಿ ಸದಸ್ಯರ ಮಸೂದೆ, ಅಂದ್ರೆ ಮಂತ್ರಿಯಲ್ಲದ ಸದಸ್ಯರು ತರೋ ಬಿಲ್. ನಮ್ಮ ಸಂಸತ್ತಲ್ಲಿ ಸ್ವಾತಂತ್ರ್ಯ ಬಂದಾಗಿಂದ ಅಂಥವು ಎಷ್ಟು ಪಾಸಾಗಿವೆ ಗೊತ್ತಾ? 14. ಕೊನೆಯದು 1970ರಲ್ಲಿ. ಆ ಕಣ್ಣಲ್ಲಿ ನೋಡಿ ಇಲ್ಲಿನ ಬಿಲ್ಲನ್ನ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ನಾವು.

ಇನ್ನೂ ನಂಬಿಕೆ ಬರ್ಲಿಲ್ವಾ? ಗ್ರೀನ್ ಕಾರ್ಡ್ ಕಥೆ ಕೇಳಿ. ಉದ್ಯೋಗದ ಮೇಲೆ ಕೊಡೋ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ 7% ಮಾತ್ರ ಅನ್ನೋ ಮಿತಿ ತೆಗೆಯೋ ಬಿಲ್. 2019ರ ಜುಲೈ 10ರಂದು ಹೌಸ್‌ನಲ್ಲಿ, ಅಂದ್ರೆ ಕೆಳಮನೆಯಲ್ಲಿ, 365-65 ವೋಟಿನಿಂದ ಪಾಸ್. ಹತ್ತಿರ ಹತ್ತಿರ ಇಡೀ ಸದನ! 2020ರ ಡಿಸೆಂಬರ್ 2ರಂದು ಸೆನೆಟ್ ಕೂಡ ಅದನ್ನ ತಿದ್ದಿ, ತನ್ನ ರೂಪದಲ್ಲಿ ಒಂದೂ ಆಕ್ಷೇಪ ಇಲ್ಲದೆ ಪಾಸ್ ಮಾಡ್ತು. ನಮ್ಮ ಬೀದಿಯಲ್ಲಿ ಒಬ್ಬರು ಮೈಸೂರು ಪಾಕ್ ಹಂಚಿದ್ರು, ನಾನೂ ಎರಡು ತಿಂದೆ. ಆದ್ರೆ ಹೌಸ್ ಪಾಸ್ ಮಾಡಿದ ರೂಪ ಬೇರೆ, ಸೆನೆಟ್ ಪಾಸ್ ಮಾಡಿದ ರೂಪ ಬೇರೆ. ಎರಡೂ ಒಂದಾಗಬೇಕು, ಆಗಲಿಲ್ಲ. 2021ರ ಜನವರಿ 3ಕ್ಕೆ ಆ ಕಾಂಗ್ರೆಸ್ ಅವಧಿ ಮುಗೀತು, ಬಿಲ್ ಸತ್ತುಹೋಯ್ತು. ಎರಡೂ ಸದನದಲ್ಲಿ ಗೆದ್ದಿದ್ದೇ ಕಾನೂನಾಗಲಿಲ್ಲ, ನೀವು ಮಂಡನೆಗೇ ಕುಲಾವಿ ಹೊಲಿಸ್ತೀರ!

ನನ್ನ ಹಳೇ ಆಫೀಸೊಂದರಲ್ಲಿ, ಹೆಸರು ಬೇಡ, ಪ್ರತಿ ಶುಕ್ರವಾರ ಕ್ಲೈಂಟ್‌ಗೆ ಒಂದು ಸ್ಪ್ರೆಡ್‌ಶೀಟ್ ಹೋಗ್ತಿತ್ತು. ಇನ್ನೂರು ಬಿಲ್, ಹಸಿರು-ಹಳದಿ-ಕೆಂಪು ಬಣ್ಣ. ಅದರಲ್ಲಿ ನೂರತೊಂಬತ್ತು ಹೆಣಗಳು. ಒಂದು ಸಲ ಆರೇ ಸಾಲು ಬರೆದು, "ಈ ವಾರ ಏನೂ ಇಲ್ಲ, ಸುಮ್ಮನಿರಿ" ಅಂತ ಕಳಿಸೋಣ ಅಂದೆ. ಬಾಸ್ ಆ ಕಾಗದವನ್ನ ಕೈಯಲ್ಲಿ ಹಿಡಿದು ತೂಗಿ ನೋಡಿದ್ರು. ನಿಜವಾಗ್ಲೂ ತೂಗಿದ್ರು, ಚಿನ್ನದಂಗಡಿಯವರ ಥರ. "ಇದಕ್ಕೆ ಬಿಲ್ ಹೇಗೆ ಮಾಡೋದು?" ಅಂದ್ರು. ಆ ಬಿಲ್ ಬೇರೆ, ಅದು ಮಾತ್ರ ಯಾವತ್ತೂ ಪಾಸೇ.

ಕ್ಲೈಂಟ್‌ಗೆ "ಸುಮ್ಮನಿರಿ" ಅಂತ ಧೈರ್ಯವಾಗಿ ಹೇಳೋದೇ ಈ ಕೆಲಸ ಕಣ್ರೀ. ಅದಕ್ಕೇ ಸಂಬಳ.

ಗೊತ್ತು, ಕೆಳಗೆ ಬರೀತೀರ: "ಹಾಗಾದ್ರೆ ಊರಿಗೆ ಕಳಿಸೋ ದುಡ್ಡಿನ ತೆರಿಗೆ ಬಂತಲ್ಲ ಸಾರ್?" ಬಂತು. ಹೇಗೆ ಬಂತು? 2025ರ ಮೇನಲ್ಲಿ 5% ಅಂತ ಹೊರಟಿತು. ಹೌಸ್ ದಾಟುವಾಗ 3.5%. ಸೆನೆಟ್‌ನಿಂದ ಹೊರಬರುವಾಗ 1%, ಅದೂ ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಥರದವಕ್ಕೆ ಮಾತ್ರ. ಬ್ಯಾಂಕ್ ಖಾತೆಯಿಂದ ಕಳಿಸಿದ್ರೆ ಇಲ್ಲವೇ ಇಲ್ಲ. ನನ್ನ ಭಾವಮೈದ 5% ಕೇಳಿದ್ದೇ ತಡ, ಇದ್ದಬದ್ದದ್ದೆಲ್ಲ ಮೈಸೂರಿಗೆ ಕಳಿಸಿ ಸೈಟ್ ಮಾಡಿದ. ಸೈಟ್ ಮುಂದೆ ರಸ್ತೆಯೇ ಇಲ್ಲ. ಮತ್ತೆ, ಅದು ಬಜೆಟ್ ದಾರಿಯಲ್ಲಿ ಬಂದ ಬಿಲ್, ಸೆನೆಟ್‌ನಲ್ಲಿ ಸರಳ ಬಹುಮತ ಸಾಕು. ಮಾಮೂಲಿ ಬಿಲ್‌ಗೆ ಚರ್ಚೆ ನಿಲ್ಲಿಸೋಕೇ 60 ವೋಟು ಬೇಕು. ಇದನ್ನ ಹೇಳ್ತಾ ನಿಮ್ಮ ಆ್ಯಪ್ಪು?

ನಿಜವಾದ ಪೆಟ್ಟು ಬೀಳೋದು ಬಿಲ್‌ನಿಂದಲ್ಲ, ಫೆಡರಲ್ ರಿಜಿಸ್ಟರ್‌ನಿಂದ. ಇಲಾಖೆಗಳ ನಿಯಮಗಳು ಅಚ್ಚಾಗೋ ಸರ್ಕಾರದ ದಿನಪತ್ರಿಕೆ ಅಂದ್ಕೊಳಿ, ನಮ್ಮ ರಾಜ್ಯಪತ್ರದ ಅಣ್ಣ. ಕೆಲಸದ ದಿನ ಬೆಳಿಗ್ಗೆ 8.45ಕ್ಕೆ ಮಾರನೇ ದಿನದ್ದು ಮೊದಲೇ ನೋಡೋಕೆ ಸಿಗುತ್ತೆ. ಅದರಲ್ಲಿ "ಆ್ಯಕ್ಷನ್" ಅಂತ ಒಂದು ಸಾಲು ಇರುತ್ತೆ, ನನ್ನ ಕಣ್ಣು ಸೀದಾ ಅಲ್ಲಿಗೆ. "ಪ್ರಪೋಸ್ಡ್ ರೂಲ್", ಅಂದ್ರೆ ಇನ್ನೂ ಪ್ರಸ್ತಾಪ ಅಂತಿದ್ರೆ, ಕಾಫಿ ಕುಡೀತೀನಿ. "ಫೈನಲ್ ರೂಲ್", ಅಂದ್ರೆ ಅಂತಿಮ ನಿಯಮ ಅಂತಿದ್ರೆ, ಲೋಟ ಕೆಳಗಿಡ್ತೀನಿ. ಎಚ್-4ನಲ್ಲಿರೋ, ಅಂದ್ರೆ ಎಚ್-1ಬಿ ಕೆಲಸದ ವೀಸಾದವರ ಹೆಂಡತಿ ಅನ್ನೋ ವೀಸಾದಲ್ಲಿರೋ, ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ 2015ರಲ್ಲಿ ಕೆಲಸ ಮಾಡೋ ಅನುಮತಿ ಸಿಕ್ಕಿದ್ದು ಹೀಗೇ, ರೂಲ್‌ನಿಂದ. ಬಿಲ್‌ನಿಂದಲ್ಲ!

ಸರಿ, ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ಅಂದಾಗ ನೀವೆಲ್ಲಿದ್ರಿ ಅಂತೀರ. 2025ರ ಸೆಪ್ಟೆಂಬರ್ 19, ಶುಕ್ರವಾರ ಸಂಜೆ. ಮಗಳ ಭರತನಾಟ್ಯ ಕ್ಲಾಸಿನ ಹೊರಗೆ ಕಾರಲ್ಲಿ ಚುರುಮುರಿ ತಿಂತಿದ್ದೆ. ಆ ವಾರದ ಟಿಪ್ಪಣಿಯಲ್ಲಿ "ಸುಮ್ಮನಿರಿ" ಅಂತಲೇ ಬರೆದಿದ್ದೆ, ಹೌದು. ಏನೀಗ? ಅದು ಅಧ್ಯಕ್ಷರ ಘೋಷಣೆ. ಬಿಲ್ ಆಗಿತ್ತಾ? ಅಲ್ಲವಲ್ಲ! ಮಾರನೇ ದಿನ ಶ್ವೇತಭವನವೇ ಹೇಳ್ತು, ಹೊಸ ಅರ್ಜಿಗಳಿಗೆ ಮಾತ್ರ, ಒಂದೇ ಸಲ ಅಂತ. ಒಂದು ರಾತ್ರಿ ಸುಮ್ಮನಿದ್ದವರು ಬಚಾವು. ಚುರುಮುರಿ ಮೆತ್ತಗಾಗಿದ್ದೊಂದೇ ನಷ್ಟ.

ಇಷ್ಟೇ. ಮಂಡನೆ ಕಾನೂನಲ್ಲ. ಮಂಡನೆ! ಕಾನೂನು! ಅಲ್ಲ! ಇದನ್ನೇ ಮಗ್ ಮೇಲೆ ಅಚ್ಚು ಹಾಕಿಸಿದ್ದೀನಿ, ಲಿಂಕ್ ಕೆಳಗಿದೆ. "ಕಾನೂನಲ್ಲ" ಅನ್ನೋದು ಹಿಡಿ ಹಿಂದೆ ಹೋಗಿ ಬರೀ "ಮಂಡನೆ" ಅಂತ ಕಾಣುತ್ತೆ, ಮುಂದಿನ ಸಲ ಸರಿ ಮಾಡಿಸ್ತೀನಿ. ಒಂದ್ನಿಮಿಷ, ಭಾವಮೈದನ ಫೋನು. ಹಲೋ... ಯಾವ ಬಿಲ್ಲೋ?... ಎಷ್ಟು ಪರ್ಸೆಂಟು?... ಸುಮ್ನಿರೋ ಮಾರಾಯ, ಸೈಟ್ ಮಾರ್ಬೇಡ, ಬರ್ತಿದ್ದೀನಿ ಇರು.