‘ಬಂದ’ ಎನ್ನುವುದೋ, ‘ಬಂದರು’ ಎನ್ನುವುದೋ: ಕಾದಂಬರಿಕಾರನ ಕಸುಬು

ಕೇಳುಗರಿಗೆ ನಮಸ್ಕಾರ.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತ, ಅದರ ಆಚೀಚೆ ಸಿಕ್ಕ ಹೊತ್ತಿನಲ್ಲಿ ಕಾದಂಬರಿ ಬರೆದವನು ನಾನು. ಹೊಸದಾಗಿ ಬರೆಯತೊಡಗಿದವರು ನನ್ನನ್ನು ಕಂಡಾಗ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಒಳ್ಳೆಯ ಕಥಾವಸ್ತು ಸಿಗುವುದು ಹೇಗೆ ಎಂಬುದು ಒಂದು. ಕಾದಂಬರಿ ಬರೆದು ಬದುಕಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನಲ್ಲಿ ಹೆಚ್ಚು ಉತ್ತರವಿಲ್ಲ. ವಸ್ತು ಯಾರ ಮನೆಯ ಅಟ್ಟದ ಮೇಲಾದರೂ ಸಿಗುತ್ತದೆ. ಆದರೆ ವಸ್ತು ಕೈಗೆ ಬಂದ ಮರುಗಳಿಗೆಯೇ ಕನ್ನಡದಲ್ಲಿ ಬರೆಯುವವನಿಗೆ ಎದುರಾಗುವ, ಹೊಸಬರಲ್ಲಿ ಹೆಚ್ಚಿನವರು ಗಮನಿಸದೆಯೇ ದಾಟಿಬಿಡುವ ಒಂದು ತೊಡಕಿದೆ. ಅಲ್ಲಿಂದಲೇ ಆರಂಭಿಸುತ್ತೇನೆ.

ಕಾದಂಬರಿಯ ಮೊದಲ ಪುಟದಲ್ಲಿ ಅಪ್ಪ ಮನೆಯೊಳಗೆ ಕಾಲಿಡುತ್ತಾನೆ ಎಂದುಕೊಳ್ಳೋಣ. ‘ಅಪ್ಪ ಬಂದ’ ಎಂದು ಬರೆಯಬಹುದು, ‘ಅಪ್ಪ ಬಂದನು’ ಎನ್ನಬಹುದು, ‘ಅಪ್ಪ ಬಂದರು’ ಎನ್ನಲೂಬಹುದು. ಇಂಗ್ಲಿಷಿನಲ್ಲಿ ಬರೆಯುವವನಿಗೆ ಈ ಆಯ್ಕೆಯೇ ಇಲ್ಲ. ಅವನಿಗೆ ಅಪ್ಪನೂ ಒಂದೇ, ಅಂಚೆಯವನೂ ಒಂದೇ. ನಮ್ಮಲ್ಲಿ ಹಾಗಲ್ಲ. ‘ಬಂದ’ ಎಂದೊಡನೆ ಕಥೆ ಹೇಳುತ್ತಿರುವವನು ಅಪ್ಪನ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತಾನೆ. ‘ಬಂದರು’ ಎಂದೊಡನೆ ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಲ್ಲುತ್ತಾನೆ. ‘ಬಂದನು’ ಎಂದರೆ ಶಾಲೆಯ ಪಠ್ಯಪುಸ್ತಕದ ವಾಸನೆ ಹೊಡೆಯುತ್ತದೆ. ಹೆಣ್ಣಿನ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚು. ಹವ್ಯಕರ ಮನೆಮಾತಿನಲ್ಲಿ ಹೆಂಗಸರನ್ನು ನಪುಂಸಕಲಿಂಗದಲ್ಲಿ ಹೇಳುವ ರೂಢಿಯಿದೆ. ಆ ಮನೆಯ ಕಥೆಯನ್ನು ಪುಸ್ತಕದ ಕನ್ನಡದಲ್ಲಿ ಬರೆಯುವವನು ‘ಬಂತು’ ಎಂಬುದನ್ನು ‘ಬಂದಳು’ ಎಂದು ಮಾಡಿದರೂ ಏನನ್ನೋ ಕಳೆದುಕೊಳ್ಳುತ್ತಾನೆ, ‘ಬಂದರು’ ಎಂದು ಮಾಡಿದರೂ ಕಳೆದುಕೊಳ್ಳುತ್ತಾನೆ.

ನಾನು ಇದನ್ನು ಕಲಿತದ್ದು ಅವಮಾನದಿಂದ. ನನ್ನ ಮೊದಲ ಕಾದಂಬರಿ ಗೇಣಿದಾರನೊಬ್ಬನ ಬದುಕಿನದು. ಅವನ ಪರವಾಗಿ ಬರೆದಿದ್ದೇನೆಂಬ ಹೆಮ್ಮೆಯಿಂದ ಹಸ್ತಪ್ರತಿಯನ್ನು ಹಿರಿಯ ಸಹೋದ್ಯೋಗಿಯೊಬ್ಬರ ಕೈಗೆ ಕೊಟ್ಟೆ. ಒಂದು ವಾರದ ಮೇಲೆ ಅವರು ಅದನ್ನು ಹಿಂದಿರುಗಿಸಿದಾಗ ಪ್ರತಿ ಪುಟದಲ್ಲೂ ಪೆನ್ಸಿಲಿನ ಗೆರೆಗಳಿದ್ದವು. ಒಡೆಯರು ಕುಳಿತರು, ಒಡೆಯರು ಎದ್ದರು, ಒಡೆಯರು ಕೆಮ್ಮಿದರು. ಗೇಣಿದಾರ ನಿಂತ, ಗೇಣಿದಾರ ಹೋದ, ಗೇಣಿದಾರ ಸತ್ತ. ಇನ್ನೂರು ಪುಟಗಳ ಉದ್ದಕ್ಕೂ ಹೀಗೆಯೇ. ನನ್ನ ಅನುಕಂಪವೆಲ್ಲ ಗೇಣಿದಾರನ ಗುಡಿಸಲಿನಲ್ಲಿದ್ದರೂ ನನ್ನ ಕ್ರಿಯಾಪದಗಳು ಒಡೆಯರ ಜಗಲಿಯ ಮೇಲೆ ಕೂತಿದ್ದವು. ಆ ಪ್ರತಿಯನ್ನು ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಹಾಗಾದರೆ ಎಲ್ಲರಿಗೂ ಬಹುವಚನ ಕೊಟ್ಟುಬಿಟ್ಟರೆ ಆಯಿತಲ್ಲ ಎಂದರೆ, ಕಾದಂಬರಿ ಸಭೆಯ ವರದಿಯಂತಾಗುತ್ತದೆ. ಎಲ್ಲರಿಗೂ ಏಕವಚನ ಕೊಡುವುದು ಅದಕ್ಕಿಂತ ಉತ್ತಮವಾದ ದಾರಿ, ಹಲವರು ಹಿಡಿದಿರುವ ದಾರಿಯೂ ಹೌದು. ಆದರೆ ಅಲ್ಲಿ ನಿರೂಪಣೆಯ ಸಮಾನತೆಗೂ ಪಾತ್ರಗಳ ಬಾಯಿಯ ಮರ್ಯಾದೆಗೂ ನಡುವಿನ ಅಂತರ ಓದುಗನಿಗೆ ಕೇಳಿಸುವಂತೆ ಮಾತುಕತೆಯನ್ನು ಕಟ್ಟಬೇಕಾಗುತ್ತದೆ. ಮೂರನೆಯ ದಾರಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಕಥೆಯನ್ನು ಒಂದು ಪಾತ್ರದ ಕೈಗೆ ಕೊಟ್ಟುಬಿಟ್ಟರೆ ಮರ್ಯಾದೆಯೂ ತಿರಸ್ಕಾರವೂ ಆ ಪಾತ್ರದ್ದೇ ಆಗುತ್ತವೆ. ಹತ್ತು ಅಧ್ಯಾಯಗಳವರೆಗೆ ಅಪ್ಪನನ್ನು ‘ಬಂದರು, ಹೋದರು’ ಎನ್ನುತ್ತಿದ್ದ ಮಗಳು ಹನ್ನೊಂದನೆಯ ಅಧ್ಯಾಯದಲ್ಲಿ ಒಮ್ಮೆ ‘ಬಂದ’ ಎಂದರೆ ಸಾಕು; ಮನೆಯಲ್ಲಿ ಏನು ಮುರಿದಿದೆಯೆಂದು ಮೂರು ಪುಟ ವಿವರಿಸಬೇಕಾಗಿಲ್ಲ.

ಪಾತ್ರದ ಕೈಗೆ ಕೊಡುವುದಾದರೆ ಯಾರ ಕೈಗೆ? ಹೊಸಬರು ಸಾಮಾನ್ಯವಾಗಿ ಎಲ್ಲ ಬಲ್ಲವನಿಗೆ, ಅಥವಾ ಎಲ್ಲ ಕಷ್ಟ ಉಂಡವನಿಗೆ ಕೊಡುತ್ತಾರೆ. ದೊಡ್ಡವರು ಹಾಗೆ ಮಾಡಿಲ್ಲ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಬಂತು. ಅದರಲ್ಲಿ ಕಾಣುವ ಶಕ್ತಿಯಿರುವುದು ಅಜ್ಜಿಗೆ, ಕಥೆ ಹೇಳುವುದು ಮಾತ್ರ ಮೊಮ್ಮಗ ಸುಬ್ಬರಾಯ. ಅಜ್ಜಿಯೇ ಹೇಳಿದ್ದರೆ ಅವಳ ಮಾತು ಪ್ರವಚನವಾಗುತ್ತಿತ್ತು. ಅನುಮಾನ, ಬೆರಗು ಎರಡೂ ಇರುವ ಮೊಮ್ಮಗನ ಮೂಲಕ ಬಂದದ್ದರಿಂದ ನಾವೂ ಅವನ ಜೊತೆ ಅನುಮಾನಿಸುತ್ತ ಕೇಳುತ್ತೇವೆ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವಿನಲ್ಲಿಯೂ ಇದೇ ಜಾಣ್ಮೆ ಇದೆ. ಶಾಸ್ತ್ರ ಬಲ್ಲವನು ವಿಜ್ಞಾನಿ, ಕಾಡು ಬಲ್ಲವನು ಮಂದಣ್ಣ. ಕಥೆ ಹೇಳುವವನು ಇವೆರಡರಲ್ಲಿ ಯಾವುದನ್ನೂ ಪೂರ್ತಿ ಬಲ್ಲವನಲ್ಲದ ಒಬ್ಬ ಕೃಷಿಕ. ಅವನ ಅರೆತಿಳಿವೇ ನಮ್ಮನ್ನು ಆ ಕಾಡಿನೊಳಕ್ಕೆ ಕರೆದೊಯ್ಯುತ್ತದೆ. ನಿಮ್ಮ ಬರಹ ಮುಂದೆ ಸಾಗದೆ ನಿಂತಿದ್ದರೆ ಕಥೆಯನ್ನು ಬದಲಿಸುವ ಮೊದಲು ಅದನ್ನು ಹೇಳುವವನನ್ನು ಬದಲಿಸಿ ಒಂದು ಅಧ್ಯಾಯ ಬರೆದು ನೋಡಿ.

ಆಡುಮಾತಿನ ಬಗ್ಗೆ ಒಂದಿಷ್ಟು. ‘ಅಂವ ಬಂದಾನ’ ಎಂದರೆ ಧಾರವಾಡದ ಕಡೆಯವರು, ‘ಅವ್ನು ಬಂದವ್ನೆ’ ಎಂದರೆ ಮೈಸೂರು ಸೀಮೆಯ ಹಳ್ಳಿಯವರು ಎಂದು ಕಿವಿ ತಾನೇ ಗುರುತಿಸುತ್ತದೆ. ಒಂದೆರಡು ಕ್ರಿಯಾಪದದ ಕೊನೆಗಳು, ಕರೆಯುವ ಒಂದು ಪದ, ಬೈಗುಳದ ಒಂದು ರೀತಿ ಇಷ್ಟು ಸರಿಯಾಗಿ ಬಿದ್ದರೆ ಸಾಕು. ಪ್ರತಿಯೊಂದು ಉಚ್ಚಾರವನ್ನೂ ಅಕ್ಷರಕ್ಕೆ ಇಳಿಸಲು ಹೊರಟರೆ ಓದುಗ ಪುಟದಲ್ಲಿ ಮುಗ್ಗರಿಸುತ್ತಾನೆ. ಇದಕ್ಕೆ ಹೊರತಾದ ಸಾಹಸಗಳಿವೆ: ದೇವನೂರ ಮಹಾದೇವ ಅವರು 1984ರ ‘ಕುಸುಮಬಾಲೆ’ಯಲ್ಲಿ ಪಾತ್ರಗಳ ಮಾತನ್ನು ಮಾತ್ರವಲ್ಲ, ನಿರೂಪಣೆಯನ್ನೂ ತಮ್ಮ ಸೀಮೆಯ ನುಡಿಯಲ್ಲೇ ನಡೆಸಿದರು. ಅಲ್ಲಿ ಆಡುಮಾತು ಅಲಂಕಾರವಾಗಿ ಬಂದಿಲ್ಲ, ಲೋಕವನ್ನು ನೋಡುವ ಕಣ್ಣಾಗಿ ಬಂದಿದೆ. ಆ ಎದೆಗಾರಿಕೆ ಇಲ್ಲದವರು ಕನಿಷ್ಠ ಒಂದು ಪಾಪವನ್ನಾದರೂ ಮಾಡಬಾರದು. ಕಥಾನಾಯಕನಿಗೆ ಪುಸ್ತಕದ ಭಾಷೆ ಕೊಟ್ಟು, ಅಡುಗೆಯವಳಿಗೂ ಆಳಿಗೂ ಮಾತ್ರ ಆಡುಮಾತು ಕೊಟ್ಟು ನಗಿಸುವುದು ನಮ್ಮ ಸಿನಿಮಾದವರ ಹಳೆಯ ಚಟ. ಅದು ಕಾದಂಬರಿಗೂ ಅಂಟಿಕೊಂಡಿದೆ.

ಇನ್ನು ತಿದ್ದುವ ಕೆಲಸ. ಮೊದಲ ಕರಡು ಮುಗಿದ ಮೇಲೆ ನಾನು ಅದನ್ನು ಎರಡು ತಿಂಗಳು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ. ಅನಂತರ ಬ್ಯಾಂಕಿನವನ ಅಭ್ಯಾಸದಂತೆ ತಾಳೆ ನೋಡಲು ಕೂರುತ್ತೇನೆ. ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ಅಧ್ಯಾಯಕ್ಕೆ ಒಂದು ಸಾಲು: ಯಾವ ವರ್ಷ, ಯಾವ ತಿಂಗಳು, ಯಾರಿಗೆ ಎಷ್ಟು ವಯಸ್ಸು, ಈ ಅಧ್ಯಾಯದ ಕೊನೆಗೆ ಯಾರ ಸ್ಥಿತಿ ಬದಲಾಯಿತು. ಕೊನೆಯ ಅಂಕಣ ಖಾಲಿ ಬಿದ್ದ ಅಧ್ಯಾಯ ಎಷ್ಟೇ ಸೊಗಸಾಗಿ ಬರೆದದ್ದಾದರೂ ಹೋಗಲೇಬೇಕು. ಮೊದಲಿನ ಅಂಕಣಗಳೂ ಸಣ್ಣವಲ್ಲ. ಒಮ್ಮೆ ನಾನು ಮೃಗಶಿರಾ ಮಳೆ ಸುರಿಯುತ್ತಿರುವಾಗಲೇ ಒಂದು ಮನೆಯ ಅಂಗಳದಲ್ಲಿ ಅಡಕೆ ಕೊನೆಕೊಯ್ಲಿನ ಗದ್ದಲ ಎಬ್ಬಿಸಿಬಿಟ್ಟಿದ್ದೆ. ಮಲೆನಾಡಿನ ಓದುಗರೊಬ್ಬರು ಕಾರ್ಡು ಬರೆದು, ನಿಮ್ಮ ತೋಟದ ತಳಿ ಯಾವುದು, ನಮಗೂ ನಾಲ್ಕು ಸಸಿ ಬೇಕಾಗಿತ್ತು ಎಂದು ಕೇಳಿದರು. ಚಳಿಗಾಲದ ಕೊಯ್ಲನ್ನು ಜೂನಿಗೆ ತಂದವನನ್ನು ಓದುಗ ಆ ಮೇಲೆ ಯಾವ ಮಾತಿಗೂ ನಂಬುವುದಿಲ್ಲ. ಪ್ರೇಮದ ಪ್ರಸಂಗವನ್ನೂ ನಂಬುವುದಿಲ್ಲ. ತಾಳೆ ಮುಗಿದ ಮೇಲೆ ಇಡೀ ಪ್ರತಿಯನ್ನು ಗಟ್ಟಿಯಾಗಿ ಓದುತ್ತೇನೆ. ಉಸಿರು ಕಟ್ಟಿದ ಕಡೆ ವಾಕ್ಯ ಕೆಟ್ಟಿರುತ್ತದೆ.

ಈಗ ಎರಡನೆಯ ಪ್ರಶ್ನೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾದದ್ದು 1899ರಲ್ಲಿ, ಮಂಗಳೂರಿನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಕಾದಂಬರಿಯನ್ನೇ ನೆಚ್ಚಿ ಸಂಸಾರ ನಡೆಸಿದವರು ಇಲ್ಲವೆಂದಲ್ಲ. ಅ.ನ.ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ವಾರಪತ್ರಿಕೆಗಳ ಧಾರಾವಾಹಿಗಳು ಒಂದು ಕಾಲಕ್ಕೆ ಹಲವರ ಮನೆಬಾಡಿಗೆ ಕಟ್ಟಿವೆ. ವಾರಕ್ಕೊಂದು ಕಂತು ಕೊಡಲೇಬೇಕೆಂಬ ಒತ್ತಡ ಬರೆಯುವವನ ಸೋಮಾರಿತನವನ್ನು ಬಿಡಿಸುತ್ತಿತ್ತು. ಪ್ರತಿ ಕಂತಿನ ಕೊನೆಗೂ ಯಾರೋ ಬಾಗಿಲು ತಟ್ಟುವಂತೆ ಮಾಡುವ ಕೆಟ್ಟ ಚಾಳಿಯನ್ನೂ ಕಲಿಸುತ್ತಿತ್ತು. ಆದರೆ ನಾವು ಇವತ್ತು ನೆನೆಯುವ ಹೆಸರುಗಳಲ್ಲಿ ಹಲವರಿಗೆ ಅನ್ನ ಬೇರೆ ಕಡೆಯಿಂದ ಬರುತ್ತಿತ್ತು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿದ್ದರು, ಎಸ್.ಎಲ್. ಭೈರಪ್ಪನವರು ತತ್ತ್ವಶಾಸ್ತ್ರ ಕಲಿಸುತ್ತಿದ್ದರು. ಅನಂತಮೂರ್ತಿಯವರು ಇಂಗ್ಲಿಷ್ ಮೇಷ್ಟ್ರು. ತೇಜಸ್ವಿಯವರಿಗೆ ಮೂಡಿಗೆರೆಯ ಕಾಫಿ ತೋಟವಿತ್ತು. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 1963ರಲ್ಲಿ ಬಂದಾಗ ಅವರಿಗೆ ನಲವತ್ತಾರು ವರ್ಷ. ಮೂವತ್ತಕ್ಕೆ ಪುಸ್ತಕ ಬರಲಿಲ್ಲವೆಂದು ಕೊರಗುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಲೆಕ್ಕ ಸರಳವಾಗಿದೆ. ಪುಸ್ತಕದ ಬೆಲೆ 250 ರೂಪಾಯಿ, ಅಚ್ಚಾದದ್ದು 1000 ಪ್ರತಿ, ರಾಯಲ್ಟಿ ಶೇಕಡಾ 10 ಎಂದಿಟ್ಟುಕೊಳ್ಳೋಣ. ಎಲ್ಲವೂ ಮಾರಿದರೆ ಲೇಖಕನಿಗೆ 25,000 ರೂಪಾಯಿ. ಆ ಕಾದಂಬರಿಗೆ ಮೂರು ವರ್ಷ ಹಿಡಿದಿದ್ದರೆ ತಿಂಗಳಿಗೆ 700 ರೂಪಾಯಿಯೂ ಆಗಲಿಲ್ಲ. ಆದ್ದರಿಂದ ಕೆಲಸ ಬಿಟ್ಟು ಬರೆಯಲು ಕೂರುತ್ತೇನೆ ಎನ್ನುವ ತರುಣರಿಗೆ ನಾನು ಹೇಳುವುದು, ಕೆಲಸ ಬಿಡಬೇಡಿ, ಕೆಲಸಕ್ಕೆ ಮುಂಚಿನ ಒಂದೂವರೆ ಗಂಟೆಯನ್ನು ಯಾರಿಗೂ ಬಿಟ್ಟುಕೊಡಬೇಡಿ ಎಂದು. ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆಯಿದೆ. ಮೂವತ್ತೈದರೊಳಗಿನವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರವೂ ಇದೆ. ಇವುಗಳನ್ನು ನೆಚ್ಚಿಕೊಂಡು ಬರೆಯಲಾಗದು, ಬಂದರೆ ಬೇಡವೆನ್ನಬೇಕಾಗಿಯೂ ಇಲ್ಲ.

ನಾನು ನಿಜವಾಗಿ ಎಚ್ಚರಿಸಬೇಕೆಂದಿರುವುದು ಕರಾರಿನ ಬಗ್ಗೆ. ನನ್ನ ಎರಡನೆಯ ಕಾದಂಬರಿಗೆ ಒಬ್ಬ ಪ್ರಕಾಶಕರು ಕಳುಹಿಸಿದ ಪತ್ರದಲ್ಲಿ ಇದ್ದದ್ದು ಐದೇ ಸಾಲು. ಕೊನೆಯ ಸಾಲಿನಲ್ಲಿ ‘ಎಲ್ಲ ಹಕ್ಕುಗಳೂ’ ಎಂಬ ಎರಡು ಪದಗಳಿದ್ದವು. ದಿನವೂ ಬೇರೆಯವರ ಸಾಲಪತ್ರಗಳ ಪ್ರತಿ ಅಕ್ಷರವನ್ನೂ ಓದುತ್ತಿದ್ದ ನಾನು ಅದನ್ನು ಓದದೆ ಸಹಿ ಹಾಕಿದೆ. ವರ್ಷಗಳ ಮೇಲೆ ಅದನ್ನು ಬೇರೆ ಭಾಷೆಗೆ ಅನುವಾದಿಸುತ್ತೇನೆಂದು ಒಬ್ಬರು ಮುಂದೆ ಬಂದಾಗ, ಒಪ್ಪಿಗೆ ಕೊಡುವ ಅಧಿಕಾರ ನನ್ನದಾಗಿರಲಿಲ್ಲ. ಕಾನೂನು ಲೇಖಕನ ವಿರುದ್ಧವಾಗೇನೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ, ವ್ಯಾಪ್ತಿ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಬೇರೆ ಕರಾರಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದವನಿಗೆ ಆ ಹಕ್ಕು ಉಳಿಯುವುದಿಲ್ಲ. ಆದರೆ ‘ಶಾಶ್ವತವಾಗಿ’ ಎಂದು ನೀವೇ ಬರೆದುಕೊಟ್ಟರೆ ಕಾನೂನು ಏನು ಮಾಡೀತು? ಲೇಖಕನ ಮರಣಾನಂತರವೂ ಅರವತ್ತು ವರ್ಷ ಬಾಳುವ ಆಸ್ತಿ ಇದು. ಮುದ್ರಣದ ಹಕ್ಕು, ಅನುವಾದದ ಹಕ್ಕು, ಸಿನಿಮಾದ ಹಕ್ಕು, ಈಗಿನ ಆಡಿಯೊ ಪುಸ್ತಕದ ಹಕ್ಕು ಇವೆಲ್ಲ ಬೇರೆ ಬೇರೆ ಸಾಲುಗಳಲ್ಲಿರಲಿ. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಮೇಲಂತೂ ಅನುವಾದದ ಸಾಲನ್ನು ಯಾರೂ ಹಗುರವಾಗಿ ಕಾಣಬಾರದು.

ಇಷ್ಟೆಲ್ಲ ಹೇಳಿದ ನಾನೂ ಈಗ ಒಂದು ಕಾದಂಬರಿಯ ಮೂರನೆಯ ಕರಡಿನಲ್ಲಿ ಸಿಕ್ಕಿಕೊಂಡಿದ್ದೇನೆ. ಅದರಲ್ಲಿ ಒಬ್ಬ ನಿವೃತ್ತ ಶಿರಸ್ತೇದಾರರಿದ್ದಾರೆ. ಅವರ ಮನೆಯಲ್ಲಿ ನಲವತ್ತು ವರ್ಷ ಅಡುಗೆ ಮಾಡಿದ ಹೆಂಗಸೊಬ್ಬಳಿದ್ದಾಳೆ. ಈ ಎರಡು ವಾಕ್ಯಗಳನ್ನು ಈಗ ಓದುವಾಗಲೂ ಒಬ್ಬರನ್ನು ‘ಇದ್ದಾರೆ’ ಎಂದೆ, ಇನ್ನೊಬ್ಬರನ್ನು ‘ಇದ್ದಾಳೆ’ ಎಂದೆ. ನಿಮ್ಮ ಕಿವಿಗೆ ಬಿದ್ದಿರಬಹುದು. ಕಥೆಯನ್ನು ಹೇಳುತ್ತಿರುವವನು ಶಿರಸ್ತೇದಾರರ ಮೊಮ್ಮಗ. ಆ ಮನೆಯಲ್ಲಿ ಬೆಳೆದವನು ಅವಳನ್ನು ಹಾಗೆಯೇ ಕರೆದಾನು. ಆದರೆ ಹದಿನಾಲ್ಕನೆಯ ಅಧ್ಯಾಯದಲ್ಲಿ, ಅಜ್ಜನ ಶ್ರಾದ್ಧದ ದಿನ, ಎಲ್ಲರ ಊಟ ಮುಗಿದ ಮೇಲೆ ಅವಳು ಹಿತ್ತಿಲ ಬಾಗಿಲಿನಿಂದ ತನ್ನ ಊರಿಗೆ ಹೊರಡುತ್ತಾಳೆ. ಮೊಮ್ಮಗ ಬಾವಿಕಟ್ಟೆಯ ಹತ್ತಿರ ನಿಂತು ನೋಡುತ್ತಿದ್ದಾನೆ. ಆ ವಾಕ್ಯವನ್ನು ಕಳೆದ ವಾರದಿಂದ ‘ಹೋದಳು’ ಎಂದು ಬರೆದು, ಹೊಡೆದು, ‘ಹೋದರು’ ಎಂದು ಬರೆದು, ಮತ್ತೆ ಹೊಡೆದು ಇಟ್ಟಿದ್ದೇನೆ. ನಾಳೆ ಬೆಳಗಿನ ಒಂದೂವರೆ ಗಂಟೆ ಅದಕ್ಕೆ.

ನಮಸ್ಕಾರ.