ಕುರ್ಚಿ ಎತ್ತಿಡಿ, ಎಲ್ಲರೂ ಆಡಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಗಿದೆ. ಬಡಾವಣೆಯ ಸಂಘದವರು, ಮಹಿಳಾ ಮಂಡಳಿಯವರು, ಊರಿನ ಯುವಕರು "ಈ ಸಲ ಮಕ್ಕಳಿಗೆ ಏನಾದರೂ ಮಾಡೋಣ" ಎಂದು ಮಾತಾಡಿಕೊಳ್ಳುವ ಕಾಲ ಇದು. ಈಗ ರೇಡಿಯೋ ಮುಂದೆ ಕೂತವರಲ್ಲಿ ಅಂಥ ಕೆಲಸವನ್ನು ಮೈಮೇಲೆ ಹಾಕಿಕೊಂಡವರು ಯಾರಾದರೂ ಇದ್ದೇ ಇರುತ್ತೀರಿ. ಕೈಯಲ್ಲಿ ಚಂದಾ ಪುಸ್ತಕ, ತಲೆಯಲ್ಲಿ ಶಾಮಿಯಾನ, ಮೈಕ್‌ಸೆಟ್ಟು, ಊಟದ ಲೆಕ್ಕ. ನಿಮ್ಮ ಜೊತೆಯೇ ನಾನು ಮಾತಾಡಬೇಕಾಗಿರುವುದು.

ಹೇಳುವುದು ಒಂದೇ ಮಾತು. ಅವತ್ತು ಅಲ್ಲಿಗೆ ಬಂದವರಲ್ಲಿ ನೋಡುವವರು ಅಂತ ಯಾರೂ ಇರಬಾರದು. ಮಕ್ಕಳು, ಅಪ್ಪ ಅಮ್ಮ, ಅಜ್ಜಿ ತಾತ ಎಲ್ಲರೂ ಆಡಬೇಕು.

ನಮ್ಮಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ಮೊದಲು ವೇದಿಕೆ ಹಾಕುತ್ತೇವೆ. ಅದರ ಮುಂದೆ ಕುರ್ಚಿ ಸಾಲು. ಮುಖ್ಯ ಅತಿಥಿ ಬರುವವರೆಗೆ ಮಕ್ಕಳು ಕಾಯುತ್ತಾರೆ. ಆಮೇಲೆ ಸ್ವಾಗತ, ಶಾಲು, ಹಾರ, ಭಾಷಣ. ಕೊನೆಗೆ ಐದಾರು ಮಕ್ಕಳು ಸಿನಿಮಾ ಹಾಡಿಗೆ ಕುಣಿಯುತ್ತಾರೆ, ಉಳಿದವರೆಲ್ಲ ಕೂತು ನೋಡುತ್ತಾರೆ. ಅಪ್ಪಂದಿರು ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಾರೆ. ಇದಕ್ಕೆ ಮಕ್ಕಳ ಹಬ್ಬ ಅಂತ ಹೆಸರು! ಕೂತು ನೋಡುವುದಕ್ಕೆ ಮನೆಯಲ್ಲಿ ಟೀವಿ ಇದೆಯಲ್ಲ. ಅಲ್ಲಿವರೆಗೆ ಕರೆಸಿ ಯಾಕೆ ಕೂರಿಸಬೇಕು?

ಇನ್ನು ಮ್ಯೂಸಿಕಲ್ ಚೇರ್. ಎಲ್ಲ ಕಡೆ ಆಡಿಸುತ್ತಾರೆ. 30 ಮಕ್ಕಳು, 29 ಕುರ್ಚಿ. ಹಾಡು ನಿಂತ ತಕ್ಷಣ ಒಂದು ಮಗು ಔಟ್. ಯಾವ ಮಗು? ಎಲ್ಲರಿಗಿಂತ ಚಿಕ್ಕದು, ಇಲ್ಲ ನಾಚಿಕೆ ಸ್ವಭಾವದ್ದು. ಓಡಾಡಿ ಚುರುಕಾಗಬೇಕಾದ ಮಗುವೇ ಮೊದಲು ಹೊರಗೆ ಹೋಗಿ ಅರ್ಧ ಗಂಟೆ ಸುಮ್ನೆ ಕೂತಿರುತ್ತದೆ. ಇದನ್ನೇ ತಿರುಗಿಸಿ ಆಡಿಸಿ. ಕುರ್ಚಿಯ ಬದಲು ನೆಲಕ್ಕೆ ಹತ್ತು ಚಾಪೆ ಹಾಸಿ. ಹಾಡು ನಿಂತಾಗ ಎಲ್ಲರೂ ಚಾಪೆ ಮೇಲೆ ಹತ್ತಬೇಕು. ಪ್ರತಿ ಸುತ್ತಿಗೂ ಒಂದು ಚಾಪೆ ಸುತ್ತಿಡಿ, ಮಗುವನ್ನು ಮಾತ್ರ ತೆಗೆಯಬೇಡಿ. ಕೊನೆಗೆ ಎರಡೇ ಚಾಪೆ ಉಳಿದಾಗ ದೊಡ್ಡವರು ಚಿಕ್ಕವರನ್ನು ಎತ್ತಿಕೊಳ್ಳುತ್ತಾರೆ, ಒಬ್ಬರ ಸೊಂಟ ಒಬ್ಬರು ಹಿಡಿದುಕೊಳ್ಳುತ್ತಾರೆ, ಯಾರ ಕಾಲು ಯಾರದ್ದೋ ಗೊತ್ತಾಗುವುದಿಲ್ಲ. ಅಷ್ಟು ಹೊತ್ತಿಗೆ ಮೈಕ್‌ನಲ್ಲಿ ಹಾಡೇ ಕೇಳಿಸುವುದಿಲ್ಲ, ಅಷ್ಟು ನಗು.

ಮೈಸೂರಿನ ಒಂದು ಬಡಾವಣೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ಅಲ್ಲಿ ಸಂಜೆ ಡ್ಯಾನ್ಸ್ ಕಾರ್ಯಕ್ರಮ ಇತ್ತು. ಅದಕ್ಕೂ ಮೊದಲು ಅರ್ಧ ಗಂಟೆ ಆಟ ಆಡಿಸಿ ಎಂದು ನನ್ನನ್ನು ಕರೆದಿದ್ದರು. ಹೋಗಿ ನೋಡಿದರೆ ಪಾರ್ಕಿನ ತುಂಬ ಕುರ್ಚಿ. "ಇವನ್ನೆಲ್ಲ ಕಾಂಪೌಂಡ್ ಪಕ್ಕಕ್ಕೆ ಎತ್ತಿಡಿಸಿ" ಎಂದೆ. ಸಂಘದವರಿಗೆ ಅಷ್ಟು ಸರಿ ಬರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ತಾತ, "ನಮಗೆ ಮಂಡಿನೋವು ಕಣಮ್ಮಾ, ಕೂರೋದು ಬೇಡ್ವಾ?" ಎಂದರು. "ಬನ್ನಿ ತಾತ, ನಿಮಗೊಂದು ಕುರ್ಚಿ ಇದೆ. ಆದರೆ ಅದು ಆಟದ ಮಧ್ಯದಲ್ಲಿದೆ" ಎಂದು ಕೈ ಹಿಡಿದು ಕರೆದುಕೊಂಡು ಬಂದೆ.

ಆಡಿಸಿದ್ದು ಲಗೋರಿ. ಚಪ್ಪಟೆ ಕಲ್ಲು ಏಳು, ಚೆಂಡು ಒಂದು. ರಬ್ಬರ್ ಚೆಂಡು ಬೆನ್ನಿಗೆ ಬಿದ್ದರೆ ಚುರುಕ್ ಎನ್ನುತ್ತದೆ, ಅದಕ್ಕೆ ನಾನು ಹಳೇ ಬಟ್ಟೆಯಿಂದ ಸುತ್ತಿದ ಚೆಂಡನ್ನೇ ಒಯ್ಯುತ್ತೇನೆ. ತಂಡಗಳನ್ನು ಮಾಡಿದ್ದು ಹುಟ್ಟಿದ ತಿಂಗಳ ಮೇಲೆ. ಮೂರು ಮೂರು ತಿಂಗಳಿಗೆ ಒಂದು ತಂಡ. ಹೀಗೆ ಮಾಡಿದರೆ ಒಂದೇ ಮನೆಯವರು ಒಂದೇ ಕಡೆ ಗುಂಪುಗಟ್ಟುವುದಿಲ್ಲ. ಎದುರು ಮನೆ ಆಂಟಿ, ಹಿಂದಿನ ಬೀದಿಯ ಹುಡುಗ, ಯಾರದ್ದೋ ಅಜ್ಜಿ ಒಂದೇ ತಂಡಕ್ಕೆ ಬರುತ್ತಾರೆ. ಒಂದು ವಿಷಯ ನೆನಪಿರಲಿ. ನಮ್ಮ ಹಿರಿಯರಲ್ಲಿ ತುಂಬಾ ಜನರ ಹುಟ್ಟಿದ ದಿನ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ ತಿಂಗಳದ್ದು. ಆ ತಂಡ ಉದ್ದವಾಗಿಬಿಡುತ್ತದೆ. ಜೂನ್‌ನವರಿಗೆ ಚೀಟಿ ಎತ್ತಿಸಿ ಎಲ್ಲ ತಂಡಗಳಿಗೂ ಹಂಚಿಬಿಡಿ.

ತಾತನ ತಂಡಕ್ಕೆ ಬಂದವಳು ಏಳೆಂಟು ವರ್ಷದ ಒಬ್ಬ ಹುಡುಗಿ. ಅವರ ಮನೆಯವರು ಕಲಬುರಗಿ ಕಡೆಯಿಂದ ಆ ಬಡಾವಣೆಗೆ ಹೊಸದಾಗಿ ಬಂದಿದ್ದರು. ಮಗು ಅಮ್ಮನ ಸೆರಗು ಬಿಟ್ಟಿರಲಿಲ್ಲ. ಹೆಸರು ಕೇಳಿದರೂ ಉತ್ತರ ಇಲ್ಲ. ತಾತ ಅವಳನ್ನು ಕರೆದು ಕಲ್ಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದನ್ನೇ ತಿರುಗಿಸಿ ತೋರಿಸಿದರು. ಒಂದು ಕಲ್ಲಿನ ಮೂಲೆ ಒಡೆದಿತ್ತು, ಹೇಗೆ ಇಟ್ಟರೂ ಅಲ್ಲಾಡುತ್ತಿತ್ತು. "ಇದು ಸೊಟ್ಟಂದು. ಇದನ್ನ ಕೊನೇಗೆ ಇಡಬೇಕು, ತಿಳೀತಾ ಪುಟ್ಟಿ?" ಹುಡುಗಿ ತಲೆಯಾಡಿಸಿದಳು.

ತಾತ ಕೂತಲ್ಲಿಂದಲೇ ಚೆಂಡು ಎಸೆದರು. ಮೊದಲ ಎರಡು ಸಲ ಗುರಿ ತಪ್ಪಿತು. ಮೂರನೆಯದು ನೇರ ಹೋಗಿ ಬಡಿಯಿತು ನೋಡಿ, ಏಳೂ ಕಲ್ಲು ಚೆಲ್ಲಾಪಿಲ್ಲಿ. ತಂಡದವರೆಲ್ಲ ಓಡಿದರು. ಎದುರು ತಂಡದ ಒಬ್ಬ ಅಪ್ಪ, ಅದುವರೆಗೂ ಫೋನ್‌ನಲ್ಲೇ ಇದ್ದವರು, ಫೋನನ್ನು ಜೇಬಿಗೆ ತುರುಕಿಕೊಂಡು ಚೆಂಡು ಹಿಡಿಯಲು ಹಾರಿದರು. ಆ ಹುಡುಗಿ ಮಾತ್ರ ಕಲ್ಲಿನ ಹತ್ತಿರವೇ ಕುಕ್ಕರಗಾಲಿನಲ್ಲಿ ಕೂತು ಒಂದರ ಮೇಲೊಂದು ಇಡುತ್ತಿದ್ದಾಳೆ. ತಾತ ಕುರ್ಚಿಯಿಂದ ಅರ್ಧ ಎದ್ದು ಕೂಗುತ್ತಿದ್ದಾರೆ, "ಸೊಟ್ಟ ಕಲ್ಲು ಕೊನೇಗೆ! ಸೊಟ್ಟ ಕಲ್ಲು ಕೊನೇಗೆ!" ಆರು ಆಯಿತು. ಏಳನೆಯದನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಟ್ಟಳು, ಬೆರಳು ತೆಗೆದಳು. ನಿಂತಿತು. "ಲಗೋರಿ!" ಎಂದು ಎಷ್ಟು ಜೋರಾಗಿ ಕೂಗಿದಳು ಎಂದರೆ ಅವರಮ್ಮನೇ ತಿರುಗಿ ನೋಡಿದರು.

ಅರ್ಧ ಗಂಟೆಯ ಆಟ ಕತ್ತಲಾಗುವವರೆಗೂ ನಡೆಯಿತು. ಡ್ಯಾನ್ಸ್ ತಡವಾಯಿತು ಎಂದು ಸಂಘದವರು ಮುಖ ಸಿಂಡರಿಸಿದರು. ಸಿಂಡರಿಸಲಿ! ಆ ಮಗುವಿಗೆ ಆ ಸಂಜೆ ಒಬ್ಬ ತಾತ ಸಿಕ್ಕಿದರು. ವೇದಿಕೆಯ ಮುಂದೆ ಸಾಲಾಗಿ ಕೂರಿಸಿದ್ದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅದಕ್ಕೇ ಮತ್ತೆ ಹೇಳುತ್ತೇನೆ, ಎಲ್ಲರೂ ಆಡಬೇಕು. ಕರಾವಳಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತುಳುವರ ಆಟಿ ತಿಂಗಳ ಮಳೆಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ದಕ್ಷಿಣ ಕನ್ನಡ, ಉಡುಪಿ ಕಡೆ 'ಕೆಸರ್‌ಡ್ ಒಂಜಿ ದಿನ' ಮಾಡುತ್ತಾರೆ, ಕೆಸರಿನಲ್ಲಿ ಒಂದು ದಿನ. ನೀರು ನಿಲ್ಲಿಸಿದ ಗದ್ದೆಗೆ ಮನೆಮಂದಿಯೆಲ್ಲ ಇಳಿಯುತ್ತಾರೆ. ಓಟ, ಹಗ್ಗಜಗ್ಗಾಟ, ವಾಲಿಬಾಲ್. ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆದುಕೊಂಡು ಓಡುತ್ತಾರೆ. ಬ್ಯಾಂಕಿನ ಮ್ಯಾನೇಜರೂ ಕೆಸರು, ಅವರ ಮಗನೂ ಕೆಸರು. ಗದ್ದೆಯಲ್ಲಿ ಕುರ್ಚಿ ಹಾಕಲು ಆಗುವುದಿಲ್ಲ, ಆ ದಿನದ ಸೊಗಸು ಅಲ್ಲೇ ಇದೆ. ಮಳೆ ಜೋರಾದರೆ ಚಾವಡಿಯಲ್ಲಿ ಚೆನ್ನೆಮಣೆ, ಅಂದರೆ ಅಳಗುಳಿ ಮಣೆ ಆಟ. 14 ಗುಳಿ, ಗುಳಿಗೆ ನಾಲ್ಕು ಕಾಯಿ. ಅದರಲ್ಲಿ ಅಜ್ಜಿಯನ್ನು ಸೋಲಿಸುವುದು ಮೊಮ್ಮಕ್ಕಳಿಗೆ ಸುಲಭ ಅಲ್ಲ.

ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆಯೂ ಹಾಗೇ. ಮಕ್ಕಳು ಮನೆಯಿಂದ ಸೊಪ್ಪು, ಬದನೆಕಾಯಿ, ನಿಂಬೆಹಣ್ಣು ತಂದು ಮಾರುತ್ತಾರೆ. ಅಪ್ಪ ಅಮ್ಮ ಗಿರಾಕಿಗಳು. ಮೂರನೇ ಕ್ಲಾಸಿನ ಹುಡುಗಿ ತಕ್ಕಡಿ ಹಿಡಿದು "ಚೌಕಾಸಿ ಮಾಡಬೇಡಿ" ಎಂದು ಸ್ವಂತ ಅಪ್ಪನಿಗೇ ಗದರುತ್ತಾಳೆ. ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಬೇಸಿಗೆ ಶಿಬಿರ ಚಿಣ್ಣರ ಮೇಳಕ್ಕೂ ಮಕ್ಕಳು ನಾಟಕ ಮಾಡಲು ಬರುತ್ತಾರೆ, ಬರೀ ನೋಡಲು ಅಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರೊಳಗೆ, ಇಲ್ಲ ಸಂಜೆ ನಾಲ್ಕೂವರೆ ಮೇಲೆ ಆಡಿಸಿ. ಕುಡಿಯುವ ನೀರು, ಶೌಚಾಲಯ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ, ಶಾಮಿಯಾನ ಆಮೇಲೆ. ತಿಂಡಿಯನ್ನೂ ಆಟ ಮಾಡಿ. ಮಂಡಕ್ಕಿ, ಈರುಳ್ಳಿ, ಕ್ಯಾರೆಟ್ ತುರಿ, ಕಡಲೆಬೀಜ, ಕೊತ್ತಂಬರಿ ಸೊಪ್ಪು ಮುಂದಿಟ್ಟರೆ ಪ್ರತಿ ತಂಡದವರೂ ತಾವೇ ಚುರುಮುರಿ ಕಲಸಿಕೊಳ್ಳುತ್ತಾರೆ. ಒಲೆ ಬೇಡ, ಮಕ್ಕಳಿಗೆ ಅಪಾಯ ಇಲ್ಲ. ಕುಡಿಯಲು ಪಾನಕ, ಮಜ್ಜಿಗೆ ಸಾಕು. ಬಹುಮಾನ ಒಬ್ಬರಿಗೆ ದೊಡ್ಡದು ಕೊಡುವ ಬದಲು ಎಲ್ಲ ಮಕ್ಕಳಿಗೂ ಒಂದೊಂದು ಬುಗುರಿ ಕೊಡಿ. ನಡೆಯಲು ಆಗದ ಮಗು ಇದ್ದರೆ ಅದಕ್ಕೂ ತಂಡದಲ್ಲಿ ಕೆಲಸ ಇರಲಿ, ಚೆಂಡು ಎಸೆಯುವುದೋ, ಸೀಟಿ ಊದುವುದೋ. ಅಂಕ ಬರೆಯಲು ಮಾತ್ರ ಕೂರಿಸಬೇಡಿ, ಅದೂ ನೋಡುವ ಕೆಲಸವೇ.

ಹಗ್ಗಜಗ್ಗಾಟ ಇಟ್ಟುಕೊಂಡಿದ್ದರೆ ತೆಂಗಿನ ನಾರಿನ ಹಗ್ಗ ಬೇಡ, ಅಂಗೈ ತರಿದುಹೋಗುತ್ತದೆ. ದಪ್ಪ ಹತ್ತಿ ಹಗ್ಗ ತನ್ನಿ. ಹಗ್ಗವನ್ನು ಕೈಗಾಗಲಿ ಸೊಂಟಕ್ಕಾಗಲಿ ಯಾರೂ ಸುತ್ತಿಕೊಳ್ಳಬಾರದು, ಸೀಟಿ ಊದುವ ಮೊದಲು ಎರಡೂ ಕಡೆ ನಡೆದು ಒಬ್ಬೊಬ್ಬರ ಕೈ ನೋಡಿ. ನೋಡಿದ ಮೇಲೆ ಸೀಟಿಯನ್ನು ಯಾವುದಾದರೂ ಮಗುವಿನ ಕೈಗೆ ಕೊಟ್ಟು ನೀವೂ ಒಂದು ಕಡೆ ಹಗ್ಗ ಹಿಡಿಯಿರಿ.

ನಮಸ್ಕಾರ.